ಏಳನೆಯ ಹುಣಸೆ ಬೀಜ

ನಮ್ಮೂರಿನಲ್ಲಿ ತಮಗೆ ಅರ್ಥವಾಗದ ಮಾತನ್ನು ಯಾರೂ ಗಟ್ಟಿಯಾಗಿ ಆಡಲಾರರು. ತುಟಿ ಆಡುತ್ತದೆ, ಗಂಟಲು ಉಬ್ಬುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಇದಕ್ಕೆ ನಾವು ಬಾಯಿ ಕಟ್ಟುವುದು ಎನ್ನುತ್ತೇವೆ. ಸುಳ್ಳಿಗೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಸುಳ್ಳು ಹೇಳುವವನಿಗೆ ತಾನು ಏನು ಹೇಳುತ್ತಿದ್ದೇನೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮದುವೆಯಲ್ಲಿ ಪುರೋಹಿತರ ದನಿ ಹೋಗಿ ಹೋಗಿ ಬರುತ್ತದೆ, ಹೋದ ಜಾಗವನ್ನೆಲ್ಲ ಚೌಡಪ್ಪನ ಡೋಲು ತುಂಬುತ್ತದೆ. ಚುನಾವಣೆಗೆ ಹೊರಗಿನಿಂದ ಬಂದವರು ಮೈಕಿನ ಮುಂದೆ ನಿಂತು ಬಹಳ ಹೊತ್ತು ಕೈ ಬೀಸುತ್ತಾರೆ. ಚರಂಡಿ, ಬೀದಿ ದೀಪ ಎಂಬಲ್ಲಿಗೆ ಬಂದಾಗ ದನಿ ಮರಳುತ್ತದೆ, ಆಗ ಜನ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ. ನಮ್ಮ ಶಾಲೆ ಜೂನ್ ತಿಂಗಳಲ್ಲಿ ಸದ್ದಿಲ್ಲದೆ ಇರುತ್ತದೆ. ಏಳರ ಮಗ್ಗಿಯನ್ನು ಹುರುಳಿ ಕಾಳು ಜೋಡಿಸಿ ಎಣಿಸುವವರೆಗೆ ಮಕ್ಕಳು ಬರೀ ತುಟಿ ಆಡಿಸುತ್ತಾರೆ. ಫೆಬ್ರವರಿಯ ಹೊತ್ತಿಗೆ ಗದ್ದಲ ಎರಡು ಬೀದಿ ದಾಟಿ ಕೇಳುತ್ತದೆ. ಆ ಗದ್ದಲ ಕೇಳಿ ಅಂಗಡಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ತಮ್ಮ ಮನೆಯಲ್ಲೇ ಹಬ್ಬ ಎಂಬಂತೆ.

ನಾನು ಈ ಊರಿನ ಮೊದಲ ಗಣಿತ ಪದವೀಧರ. ಸೇತುವೆಯ ಆಚೆಯ ಪಟ್ಟಣದಲ್ಲಿ ಐದು ವರ್ಷ ಓದಿದೆ. ಅಲ್ಲಿ ಯಾರು ಏನು ಬೇಕಾದರೂ ಗಟ್ಟಿಯಾಗಿ ಹೇಳಬಹುದು. ನಾನೂ ಹೇಳಿದೆ, ಬರೆದೆ, ಚಿನ್ನದ ಪದಕ ಬಂತು. ಪದಕವನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೊರಟ ದಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಕಲನಶಾಸ್ತ್ರದ ಪಾಠವೊಂದನ್ನು, ಅಂದರೆ ಬದಲಾಗುತ್ತಲೇ ಇರುವುದನ್ನು ಅಳೆಯುವ ಗಣಿತದ ಮೊದಲ ಪಾಠವನ್ನು, ಹಾಡು ಗುನುಗಿದಂತೆ ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ. ಬಸ್ಸಿನ ಮುಂದಿನ ಚಕ್ರ ಸೇತುವೆ ದಾಟಿತು. ನನ್ನ ದನಿ ಅರ್ಧ ವಾಕ್ಯದಲ್ಲಿ ನಿಂತಿತು. ನಾನು ವಾಕ್ಯವನ್ನು ಮತ್ತೆ ಮೊದಲಿನಿಂದ ಹಿಡಿದೆ. ಬರಲಿಲ್ಲ. ಇನ್ನೊಂದು ಹಿಡಿದೆ, ಅದೂ ಬರಲಿಲ್ಲ. ನಿಲ್ದಾಣದಲ್ಲಿ ಹಾರ ಹಿಡಿದು ನಿಂತವರು ಏನಾದರೂ ಮಾತಾಡಪ್ಪ ಎಂದರು. ನಾನು ಕೈ ಮುಗಿದೆ, ಅಷ್ಟೆ.

ಅಂದಿನಿಂದ ನನಗೆ ಮಿತಭಾಷಿ ಎಂಬ ಹೆಸರಾಯಿತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಜನ ನನ್ನ ಮುಂದೆಯೇ ಹೇಳುತ್ತಿದ್ದರು. ಕೊಡದೊಳಗೆ ಇಣುಕಿದವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಆರನೆಯ ತರಗತಿಗೆ ಲೆಕ್ಕ ಹೇಳುವ ಕೆಲಸ ಸಿಕ್ಕಿತು. ಅಲ್ಲಿಯೂ ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವಾಗ ಏಕೆ ತಲೆಕೆಳಗು ಮಾಡಿ ಗುಣಿಸಬೇಕು ಎಂಬಲ್ಲಿ ಬಾಯಿ ಕಟ್ಟಿತು. ಒಂದು ಬೇಸಿಗೆ ರಜೆಯೆಲ್ಲ ಕಾಗದ ಮಡಚುತ್ತ ಕೂತು ಕಲಿತುಕೊಂಡೆ. ಅಷ್ಟಕ್ಕೆ ಸಾಕು ಮಾಡಿದೆ. ಹನ್ನೊಂದು ವರ್ಷ ಹೀಗೇ ಕಳೆಯಿತು. ಮೌನ ಒಂದು ಒಳ್ಳೆಯ ಹೊದಿಕೆ. ಹೊದ್ದವನು ಒಳಗೆ ನಡುಗುತ್ತಿದ್ದಾನೋ ಬೆಚ್ಚಗಿದ್ದಾನೋ ಹೊರಗಿನವರಿಗೆ ತಿಳಿಯುವುದಿಲ್ಲ.

ಹನ್ನೆರಡನೆಯ ವರ್ಷ ನಮ್ಮ ಮುಖ್ಯೋಪಾಧ್ಯಾಯಿನಿ ಅಂಬುಜಾಕ್ಷಿ ಟೀಚರ್ ಮೇಲಿನ ತರಗತಿ ತೆರೆಯುವುದೆಂದು ನಿಶ್ಚಯಿಸಿದರು. ಅದರಲ್ಲಿ ಕಲನಶಾಸ್ತ್ರ ಇರಲೇಬೇಕಿತ್ತು. ಸೇತುವೆ ದಾಟಿ ಓದಲು ಹೋದ ಮಕ್ಕಳು ಬಾಯಿಪಾಠ ಹೊತ್ತುಕೊಂಡು ಬಂದು ಊರಿನಲ್ಲಿ ಮೂಕರಾಗುವುದನ್ನು ಅವರು ಕಂಡಿದ್ದರು. ನನ್ನನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ, ಅಥವಾ ಸೇರಿಸಿದ್ದರೂ ಹೇಳಿರಲಿಲ್ಲ. ಐವರು ಹೆಸರು ಕೊಟ್ಟರು. ಮೊದಲು ಬಂದವಳು ಹಿಟ್ಟಿನ ಗಿರಣಿಯ ಹಾಲಮ್ಮ. ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು ಕೂತ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಕ್ಲಾಸು ಯಾವಾಗ ಶುರು, ನೀವೇ ತಾನೇ ಹೇಳಿಕೊಡೋದು ಎಂದು ಕೇಳಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸಲು ದನಿ ಬೇಕಿಲ್ಲ.

ಪುಸ್ತಕ ಆರಿಸುವುದಕ್ಕೆ ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ. ಶಾಲೆಗೆ ಯಾವ ಹೊಸ ಪುಸ್ತಕ ಬರಬೇಕಾದರೂ ಅದನ್ನು ಮೊದಲು ಶಾಲೆಯ ಜಗಲಿಯಲ್ಲಿ ಊರವರ ಮುಂದೆ ಓದಿಸಬೇಕು. ಓದುವವರಿಗೆ ಅಕ್ಷರ ಬರಬೇಕು, ವಿಷಯ ಬರಬಾರದು. ದನಿ ಹೋದ ಸಾಲಿಗೊಂದು ಹುಣಸೆ ಬೀಜವನ್ನು ಹಿತ್ತಾಳೆ ಬಟ್ಟಲಿಗೆ ಹಾಕುತ್ತಾರೆ. ಎಲ್ಲ ಪುಸ್ತಕಗಳ ಓದು ಮುಗಿದ ಮೇಲೆ ಯಾವ ಬಟ್ಟಲಲ್ಲಿ ಬೀಜ ಕಡಿಮೆಯೋ ಆ ಪುಸ್ತಕ ನಮ್ಮದು. ಒಮ್ಮೆ ಬಿದ್ದ ಬೀಜವನ್ನು ತೆಗೆಯುವ ಹಾಗಿಲ್ಲ. ಈ ಪದ್ಧತಿಯ ಬಗ್ಗೆ ನಮಗೆ ಬಹಳ ಹೆಮ್ಮೆ. ಬೇರೆ ಊರುಗಳಲ್ಲಿ ಪುಸ್ತಕವನ್ನು ಅದರ ರಟ್ಟು ನೋಡಿ ಆರಿಸುತ್ತಾರಂತೆ ಎಂದು ಚೌಡಪ್ಪ ನಗುತ್ತಿದ್ದ. ಬೀಜ ಹಾಕುವ ಅಧಿಕಾರ ಅವನದು. ದನಿ ಹೋದದ್ದನ್ನು ಮೊದಲು ಹಿಡಿಯುವ ಕಿವಿ ಡೋಲಿನವನದೇ ಎಂದು ಹಿಂದಿನವರು ತೀರ್ಮಾನಿಸಿದ್ದರು.

ಓದಲು ಖಾಜಾಬಿಯನ್ನು ಕರೆದರು. ಆಕೆ ಸಂತೆ ಬೀದಿಯ ಮೂಲೆಯಲ್ಲಿ ಸಾಣೆ ಹಿಡಿಯುವವಳು. ಕಾಲಿನಿಂದ ತುಳಿಯುವ ಸಾಣೆಚಕ್ರ, ಒಂದು ಡಬ್ಬಿ ನೀರು, ಗೋಣಿಯ ಆಸನ. ಊರಿನ ಕತ್ತರಿ, ಕುಡುಗೋಲು, ಈಳಿಗೆ ಎಲ್ಲವೂ ವರ್ಷಕ್ಕೊಮ್ಮೆಯಾದರೂ ಆಕೆಯ ಕೈಯಲ್ಲಿ ಹಾದುಹೋಗುತ್ತವೆ. ಏಳನೆಯ ತರಗತಿಯವರೆಗೆ ಓದಿದ್ದಳು. ಆಕೆಯನ್ನು ಆರಿಸಲು ಕಾರಣ ಬೇರೆ: ಬಾಯಿ ಕಟ್ಟಿದರೆ ಆಕೆಗೆ ಅವಮಾನವೇ ಆಗುವುದಿಲ್ಲ. ಉಳಿದವರು ದನಿ ಹೋದಾಗ ಕೆಮ್ಮುತ್ತಾರೆ, ನೀರು ಕೇಳುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ. ಖಾಜಾಬಿ ಬಾಯಿ ಮುಚ್ಚಿ, ಮೊಂಡಾದ ಅಲಗನ್ನು ನೋಡುವ ಹಾಗೆ ಆ ಸಾಲನ್ನೇ ನೋಡುತ್ತ ಕೂರುತ್ತಾಳೆ.

ಪುಸ್ತಕಗಳು ಮೂರು. ಮೊದಲ ಭಾನುವಾರ ಓದಿದ್ದು ಇಟ್ಟಿಗೆಯಷ್ಟು ದಪ್ಪದ್ದು. ದೊಡ್ಡ ಕಾಲೇಜುಗಳಲ್ಲಿ ನಡೆಯುವಂಥದು, ಪುಟ ನಯವಾಗಿತ್ತು, ಚಿತ್ರಗಳು ಬಣ್ಣಬಣ್ಣದವು. ಮುನ್ನುಡಿಯಲ್ಲಿ ಲೇಖಕರು ತಮ್ಮ ಹೆಂಡತಿಗೆ ವಂದನೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅದಾದ ಮೇಲೆ ಖಾಜಾಬಿಯ ತುಟಿ ಆಡುವುದು ಮಾತ್ರ ಕಂಡಿತು. ಬೀಜಗಳು ಟಣಟಣ ಬಿದ್ದವು. ಹತ್ತನೆಯ ಪುಟಕ್ಕೆ ಬಟ್ಟಲು ತುಂಬಿ ಚೌಡಪ್ಪ ಇನ್ನೊಂದು ಬಟ್ಟಲಿಗೆ ಹೇಳಿಕಳಿಸಿದ. ಮಡಿಲಲ್ಲಿದ್ದ ಕೂಸುಗಳು ಚೆನ್ನಾಗಿ ನಿದ್ದೆ ಮಾಡಿದವು. ಹದಿಮೂರನೆಯ ಪುಟದಲ್ಲಿ ಅಂಬುಜಾಕ್ಷಿ ಟೀಚರ್ ಪುಸ್ತಕವನ್ನು ಆಕೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

ಎರಡನೆಯ ಭಾನುವಾರದ ಪುಸ್ತಕವನ್ನು ನಾನು ದೂರದಿಂದಲೇ ಗುರುತು ಹಿಡಿದೆ. ತೆಳುವಾದ ಹಳದಿ ರಟ್ಟು. ನಾನು ಓದಿದ್ದು ಅದರಲ್ಲೇ, ಪದಕ ಗೆದ್ದದ್ದೂ ಅದರಿಂದಲೇ. ಖಾಜಾಬಿ ಓದತೊಡಗಿದಳು. ಘಾತವನ್ನು ಕೆಳಗಿಳಿಸಿ ಮುಂದೆ ಬರೆಯಿರಿ. ಘಾತದಲ್ಲಿ ಒಂದನ್ನು ಕಳೆಯಿರಿ. ಎರಡು ಪದಗಳ ಮೊತ್ತವಿದ್ದರೆ ಒಂದೊಂದಕ್ಕೂ ಹೀಗೆಯೇ ಮಾಡಿ ಕೂಡಿಸಿರಿ. ಕೆಳಗಿನ ಇಪ್ಪತ್ತು ಲೆಕ್ಕಗಳನ್ನು ಮಾಡಿರಿ. ದನಿ ಎಲ್ಲಿಯೂ ಕದಲಲಿಲ್ಲ. ಘಾತವೆಂದರೆ ಅಂಕಿಯ ತಲೆಯ ಮೇಲೆ ಕೂತ ಸಣ್ಣ ಅಂಕಿ ಎಂದು ಮೊದಲ ಪುಟದಲ್ಲೇ ಹೇಳಿತ್ತು. ಅದನ್ನು ಕೆಳಗೆ ಇಳಿಸು ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಒಂದು ಗಂಟೆಯಾಯಿತು, ಎರಡಾಯಿತು. ಬಟ್ಟಲು ಬರಿದಾಗಿಯೇ ಇತ್ತು. ಜನ ಮೊದಲು ಬೆರಗಾದರು, ಆಮೇಲೆ ಬೀಗಿದರು. ನಮ್ಮ ಸಾಣೆಯವಳು ಕಾಲೇಜಿನ ಗಣಿತವನ್ನು ನೀರು ಕುಡಿದಂತೆ ಓದುತ್ತಿದ್ದಾಳೆ ಎಂದು ಹಿಂದೆ ಕೂತವರು ಎದ್ದು ನಿಂತರು. ಊರಿನ ಇತಿಹಾಸದಲ್ಲಿ ಒಂದೂ ಬೀಜ ಬೀಳದ ಪುಸ್ತಕ ಇದೇ ಮೊದಲನೆಯದು. ಚೌಡಪ್ಪ ಬರಿಯ ಬಟ್ಟಲನ್ನು ತಲೆಕೆಳಗು ಮಾಡಿ ಎಲ್ಲರಿಗೂ ತೋರಿಸಿದ.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಎದೆಯಿಂದ ಒಂದು ಭಾರ ಇಳಿದಂತಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಈ ಪುಸ್ತಕ ಬಂದರೆ ನಾನು ಸಾಯುವವರೆಗೆ ಪಾಠ ಮಾಡಬಹುದು. ಒಮ್ಮೆಯೂ ನನ್ನ ಬಾಯಿ ಕಟ್ಟುವುದಿಲ್ಲ. ಏಕೆಂದರೆ ನನಗೆ ಬಾರದ ಆ ಒಂದು ಮಾತನ್ನು ಈ ಪುಸ್ತಕ ಎಲ್ಲಿಯೂ ಹೇಳುವುದೇ ಇಲ್ಲ. ಹೇಗೆ ಮಾಡಬೇಕು ಎಂದು ಹೇಳುತ್ತದೆ, ಏಕೆ ಎಂಬ ಕಡೆಗೆ ತಿರುಗಿಯೂ ನೋಡುವುದಿಲ್ಲ. ಹಾಲಮ್ಮ ಗುಂಪಿನ ನಡುವೆ ನಿಂತು ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದಳು. ನನ್ನ ಕಡೆ ನೋಡಿ, ಸಾರ್, ಒಂದು ಯಾಕೆ ಕಳೀಬೇಕು ಎಂದಳು. ಗಲಾಟೆಯಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ಮುಖ ತಿರುಗಿಸಿದೆ.

ಮೂರನೆಯದು ಹರಿದ ರಟ್ಟಿನ ಸಣ್ಣ ಪುಸ್ತಕ, ನೂರ ಹನ್ನೆರಡು ಪುಟ. ಯಾವುದೋ ಊರಿನ ನಿವೃತ್ತ ಮೇಷ್ಟ್ರು ತಾವೇ ಅಚ್ಚು ಹಾಕಿಸಿದ್ದು. ಜೊತೆಗೆ ಒಂದು ಚೀಟಿ: ಓದುವಾಗ ಎಲ್ಲಿ ನಿಲ್ಲಬೇಕಾಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಮೂರನೆಯ ಭಾನುವಾರ ಹೆಚ್ಚು ಜನ ಬರಲಿಲ್ಲ. ಗೆದ್ದ ಪುಸ್ತಕ ಗೊತ್ತಾಗಿತ್ತಲ್ಲ, ಇದು ಶಾಸ್ತ್ರಕ್ಕೆ. ಖಾಜಾಬಿ ಓದಿದಳು. ಮೊದಲ ಅಧ್ಯಾಯದಲ್ಲಿ ಕೊಡ ತುಂಬುವುದು, ಗಾಡಿ ಇಳಿಜಾರಿನಲ್ಲಿ ಓಡುವುದು. ದನಿ ನೆಟ್ಟಗೆ ಸಾಗಿತು. ಹನ್ನೊಂದನೆಯ ಪುಟದಲ್ಲಿ ತಟ್ಟನೆ ನಿಂತಿತು. ಚೌಡಪ್ಪ ಬೀಜ ಹಾಕಿದ. ಖಾಜಾಬಿ ಆ ಸಾಲನ್ನು ನೋಡುತ್ತ ಕೂತಳು. ಬಳಿಕ ಎರಡು ಪುಟ ಹಿಂದಕ್ಕೆ ಹೋಗಿ, ಅಲ್ಲಿಂದ ನಿಧಾನವಾಗಿ ಓದಿಕೊಂಡು ಬಂದಳು. ಈ ಸಲ ಆ ಸಾಲು ದನಿಯೊಡನೆಯೇ ಬಂತು. ಹಾಗೆ ಮಾಡಿ ಎಂದು ಪುಸ್ತಕವೇ ಅಲ್ಲಿ ಅಂಚಿನಲ್ಲಿ ಹೇಳಿತ್ತು: ಇಲ್ಲಿ ನಿಂತಿರಾ, ಒಳ್ಳೆಯದು, ಒಂಬತ್ತನೆಯ ಪುಟದ ಚಿತ್ರವನ್ನು ಇನ್ನೊಮ್ಮೆ ನೋಡಿ ಬನ್ನಿ.

ಹೀಗೆ ಆರು ಕಡೆ ನಿಂತಳು, ಆರು ಕಡೆಯೂ ಹಿಂದೆ ಹೋಗಿ ಬಂದಳು. ಆರನೆಯದು ಸ್ಪರ್ಶಕದ ಮಾತು, ಅಂದರೆ ಬಾಗಿದ ಗೆರೆಯನ್ನು ಒಂದೇ ಕಡೆ ಸೋಕುವ ನೇರ ಗೆರೆಯದು. ಬಾಗಿದ ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟು ಅವನ್ನು ಸೇರಿಸುವ ನೇರ ಗೆರೆ ಎಳೆಯಿರಿ, ಎರಡನೆಯ ಚುಕ್ಕೆ ಮೊದಲನೆಯದರತ್ತ ಜರುಗುತ್ತ ಬರಲಿ, ಆಗ ಆ ಗೆರೆ ಯಾವ ದಿಕ್ಕಿಗೆ ನಿಲ್ಲಲು ಹೊರಟಿದೆಯೋ ಅದೇ ಸ್ಪರ್ಶಕ ಎಂದಿತ್ತು. ಇದು ಎರಡು ಸಲ ಹಿಂದೆ ಹೋದರೂ ಬರಲಿಲ್ಲ. ಖಾಜಾಬಿ ಎದ್ದು ಹೋಗಿ ಸಾಣೆಚಕ್ರವನ್ನು ಉರುಳಿಸಿಕೊಂಡು ಬಂದಳು. ಯಾರದೋ ಕುಡುಗೋಲು ತೆಗೆದುಕೊಂಡು ಚಕ್ರ ತುಳಿದಳು. ಒತ್ತಿ ಹಿಡಿದಳು, ಅಲಗು ಬೆರಳಗಲ ಕಲ್ಲಿಗೆ ತಾಗಿತು, ಕಿಡಿಗಳು ಚೆಲ್ಲಾಪಿಲ್ಲಿ. ಕೈ ಹಗುರ ಮಾಡಿದಳು, ಇನ್ನೂ ಹಗುರ ಮಾಡಿದಳು. ಅಲಗು ಕಲ್ಲಿಗೆ ಸೋಕಿಯೂ ಸೋಕದ ಹಾಗೆ ನಿಂತಾಗ ಕಿಡಿಗಳೆಲ್ಲ ಒಂದೇ ನೇರಕ್ಕೆ ಹಾರಿದವು, ಗೆರೆ ಎಳೆದ ಹಾಗೆ. ಚಕ್ರ ನಿಲ್ಲುವ ಮೊದಲೇ ಆಕೆ ಪುಸ್ತಕ ಎತ್ತಿಕೊಂಡು ಆ ಸಾಲನ್ನು ಓದಿದಳು. ಜಗಲಿಯ ಹಂಚು ಅದುರುವಂತೆ ಬಂತು ದನಿ.

ಏಳನೆಯ ಸಾಲು ಹತ್ತೊಂಬತ್ತನೆಯ ಪುಟದ್ದು. ಕಾಲೇಜಿನಲ್ಲಿ ಟಿಪ್ಪಣಿಯಿಂದ ಉರು ಹೊಡೆದಿದ್ದ, ಸೇತುವೆಯ ಹತ್ತಿರ ಅರ್ಧಕ್ಕೆ ನಿಂತ ನನ್ನ ಬಸ್ಸಿನ ವಾಕ್ಯ. ನೀವು ಎಷ್ಟು ಚಿಕ್ಕ ಅಂತರವನ್ನಾದರೂ ಕೇಳಿ, ಅದಕ್ಕೆ ತಕ್ಕ ಇನ್ನೊಂದು ಅಂತರವನ್ನು ನಾನು ಕೊಡಬಲ್ಲೆನಾದರೆ, ಅದರೊಳಗೆ ಇರುವವರೆಗೂ ಬೆಲೆಯು ನೀವು ಕೇಳಿದ ಅಂತರವನ್ನು ಮೀರದಿದ್ದರೆ, ಆಗ ಮಾತ್ರ ಅದನ್ನು ಮಿತಿ ಎನ್ನುತ್ತೇವೆ. ಖಾಜಾಬಿ ನಾಲ್ಕು ಸಲ ಹಿಂದೆ ಹೋದಳು. ಚಕ್ರವನ್ನೂ ತುಳಿದಳು. ಬರಲಿಲ್ಲ. ಅಂಚಿನಲ್ಲಿ ಮೇಷ್ಟ್ರು ಬರೆದಿದ್ದರು: ಇದು ನನಗೂ ಒಂದು ವರ್ಷ ಹಿಡಿಯಿತು, ಅವಸರ ಬೇಡ, ಈಗ ಮುಂದೆ ಹೋಗಿ, ಮರೆಯದೆ ಮರಳಿ ಬನ್ನಿ. ಆಕೆ ಹಾಗೆಯೇ ಮುಂದೆ ಹೋದಳು. ಆ ಪುಸ್ತಕ ಮುಗಿಯುವಾಗ ಬಟ್ಟಲಲ್ಲಿ ಏಳು ಬೀಜ.

ಲೆಕ್ಕ ಸರಳವಾಗಿತ್ತು. ಏಳಕ್ಕಿಂತ ಸೊನ್ನೆ ಕಡಿಮೆ. ಅಂಬುಜಾಕ್ಷಿ ಟೀಚರ್ ಎದ್ದು ನಿಂತು, ಹಾಗಾದರೆ ಹಳದಿ ಪುಸ್ತಕವೇ, ಯಾರದಾದರೂ ತಕರಾರು ಇದೆಯೇ ಎಂದು ಪದ್ಧತಿಯಂತೆ ಮೂರು ಸಲ ಕೇಳತೊಡಗಿದರು. ಮೊದಲ ಸಲಕ್ಕೇ ಒಂದಿಬ್ಬರು ಮನೆಗೆ ಹೊರಡಲು ಎದ್ದರು. ಎರಡನೆಯ ಸಲ ನಾನು ಹಾಲಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬೆರಳಿನಿಂದ ಧೂಳಿನಲ್ಲಿ ಏನೋ ಬರೆದು ಅಳಿಸುತ್ತಿದ್ದಳು. ಈ ಹುಡುಗಿ ಎರಡು ವರ್ಷ ಒಂದೂ ಕಡೆ ನಿಲ್ಲದೆ ಓದಿ, ಗಟ್ಟಿ ದನಿಯಲ್ಲಿ ಎಲ್ಲ ಲೆಕ್ಕ ಒಪ್ಪಿಸಿ, ನನ್ನಂತೆಯೇ ಆಗುತ್ತಾಳೆ. ಸೇತುವೆ ದಾಟದೆಯೇ ಆಗುತ್ತಾಳೆ. ಆಮೇಲೆ ಅವಳೂ ಒಂದು ಕಂಬ ಹುಡುಕಿಕೊಳ್ಳುತ್ತಾಳೆ.

ಮೂರನೆಯ ಸಲ ಕೇಳುವ ಮೊದಲು ನಾನು ಕಂಬ ಬಿಟ್ಟು ಮುಂದೆ ಬಂದೆ. ಹನ್ನೊಂದು ವರ್ಷದಲ್ಲಿ ಸಭೆಯ ಮುಂದೆ ನಾನು ಬಂದದ್ದು ಅದೇ ಮೊದಲು, ಹಾಗಾಗಿ ಕೂತವರು ಸರಿದು ದಾರಿ ಮಾಡಿದರು. ಈ ಹಳದಿ ಪುಸ್ತಕದಿಂದಲೇ ನನಗೆ ಚಿನ್ನದ ಪದಕ ಬಂದದ್ದು ಎಂದೆ. ಜನರ ಮುಖ ಅರಳಿತು. ಇನ್ನೇನು ಬೇಕು ಎಂದು ಯಾರೋ ಅಂದರು. ಈ ಪುಸ್ತಕದ ಮೂರನೆಯ ಪುಟದಲ್ಲಿ ಘಾತದಿಂದ ಒಂದನ್ನು ಕಳೆಯಿರಿ ಎಂದಿದೆ, ಏಕೆ ಕಳೆಯಬೇಕು ಎಂದು ಹಾಲಮ್ಮ ಕೇಳಿದ್ದಳು, ಈಗ ಹೇಳುತ್ತೇನೆ, ಎಲ್ಲರೂ ನನ್ನ ಬಾಯಿಯನ್ನು ನೋಡಿ ಎಂದೆ. ಕಾಲೇಜಿನಲ್ಲಿ ಉರು ಹೊಡೆದ ಉತ್ತರ ಪೂರ್ತಿ ನೆನಪಿತ್ತು. ಹೇಳತೊಡಗಿದೆ.

ದನಿ ಬರಲಿಲ್ಲ. ನಾನು ನಿಲ್ಲಿಸಲಿಲ್ಲ. ಉತ್ತರ ಹದಿನಾಲ್ಕು ಸಾಲಿನದು, ಹದಿನಾಲ್ಕನ್ನೂ ತುಟಿಯಲ್ಲಿ ಹೇಳಿದೆ. ಹೊರಗೆ ಯಾವುದೋ ಸೈಕಲ್ಲು ಗಂಟೆ ಬಾರಿಸುತ್ತ ದೂರವಾಯಿತು. ಊರಿನ ತುಂಬಿದ ಕೊಡ ಎಲ್ಲರ ಮುಂದೆ ಬೋರಲಾಗಿತ್ತು, ಒಂದು ಹನಿಯೂ ಬೀಳಲಿಲ್ಲ. ಮುಗಿಸಿ ತಲೆ ತಗ್ಗಿಸಿದೆ. ಚೌಡಪ್ಪ ಗಂಟಲು ಸರಿಮಾಡಿಕೊಂಡು, "ಪದಕ ಬಲೇ ಗಟ್ಟಿ ಚಿನ್ನ ಕಣ್ರಪ್ಪ, ಬಡಿದ್ರೂ ಸದ್ದಿಲ್ಲ" ಎಂದ. ಒಂದಿಬ್ಬರು ನಕ್ಕರು, ಉಳಿದವರು ನಗಲಿಲ್ಲ.

ಆಗ ಖಾಜಾಬಿ, ಕೂತಲ್ಲಿಂದಲೇ, "ಚೌಡಣ್ಣ, ಮಾತು ಆಮೇಲೆ. ಮೊದಲು ಬೀಜ ಹಾಕು" ಎಂದಳು.

ಯಾವ ಬಟ್ಟಲಿಗೆ ಎಂದು ಚೌಡಪ್ಪ ಕೇಳಿದ. ಹಳದಿ ಪುಸ್ತಕದ್ದಕ್ಕೆ ಎಂದಳು. ಪುಸ್ತಕದಲ್ಲಿ ಆ ಸಾಲೇ ಇಲ್ಲವಲ್ಲ, ಇಲ್ಲದ ಸಾಲಿಗೆ ಬೀಜ ಹಾಕುವ ಪದ್ಧತಿ ಎಲ್ಲಿಯದು ಎಂದು ಅವನು ತಕರಾರು ತೆಗೆದ. ಖಾಜಾಬಿ ಹಳದಿ ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುವಿದಳು. "ಹೋದ ವಾರ ಇದನ್ನ ಓದೋವಾಗ ನಂಗೂ ಬಲೇ ಖುಷಿ ಆಗಿತ್ತಪ್ಪ. ಮನೆಗೋಗಿ ರೊಟ್ಟಿ ಬಡೀತಾ ಯೋಚನೆ ಮಾಡ್ದೆ. ಏನು ಓದ್ದೆ ಅಂತ ನನ್ನ ನಾನೇ ಕೇಳ್ಕಂಡ್ರೆ ಇಳಿಸು, ಕಳಿ, ಕೂಡಿಸು, ಇಷ್ಟೇ. ಹಿಡಿ ಚೆನ್ನಾಗೈತೆ, ಅಲಗೇ ಇಲ್ಲ. ಅಲಗಿಲ್ಲದ ಚಾಕು ಎಲ್ಲೂ ಸಿಕ್ಕಾಕಂಬಲ್ಲ ಬಿಡು." ಹೀಗೆಂದು ಮೊದಲ ಪುಟದಿಂದ ಶುರು ಮಾಡಿದಳು. ಒಂದೊಂದು ಸೂತ್ರ ಓದುವುದು, ಯಾಕೆ ಎಂದು ಕೇಳಿಕೊಳ್ಳುವುದು, ಬಾಯಿ ತೆರೆಯುವುದು. ಪ್ರತಿ ಸಲವೂ ಮೌನ. ಪ್ರತಿ ಮೌನಕ್ಕೂ ಆಕೆ ಚೌಡಪ್ಪನ ಮುಖ ನೋಡಿದಳು. ಮೊದಲ ಬೀಜ ಅವನು ಗೊಣಗುತ್ತ ಹಾಕಿದ. ಹತ್ತನೆಯದರ ಹೊತ್ತಿಗೆ ತಾನಾಗಿಯೇ ಹಾಕುತ್ತಿದ್ದ. ಇಪ್ಪತ್ತನೆಯದಕ್ಕೆ ಬಟ್ಟಲನ್ನು ಕೆಳಗಿಟ್ಟು, ನಮ್ಮಪ್ಪನ ಕಾಲದಿಂದಲೂ ಪುಸ್ತಕದಲ್ಲಿ ಇದ್ದ ಸಾಲನ್ನಷ್ಟೇ ಎಣಿಸಿಕೊಂಡು ಬಂದಿವಲ್ಲ ಟೀಚರ್ ಎಂದ. ಆ ಮಾತಿನಲ್ಲಿ ನಗೆ ಇರಲಿಲ್ಲ.

ಬಳಿಕ ಖಾಜಾಬಿ ಮೂರನೆಯ ಪುಸ್ತಕದ ಬಟ್ಟಲನ್ನು ಮುಂದಕ್ಕೆ ಎಳೆದುಕೊಂಡಳು. ದನಿ ಹೋಗಿ ಮರಳಿದ ಸಾಲುಗಳನ್ನು ಒಂದೊಂದಾಗಿ, ಪುಸ್ತಕ ನೋಡದೆ, ತನ್ನ ಮಾತಿನಲ್ಲೇ ಹೇಳಿದಳು. ಒಂದು ಹೇಳುವುದು, ಒಂದು ಬೀಜ ತೆಗೆದು ಪಕ್ಕಕ್ಕಿಡುವುದು. ಬಿದ್ದ ಬೀಜ ತೆಗೆಯಬಾರದು ಎಂದು ಯಾರಾದರೂ ಎದ್ದು ಹೇಳುತ್ತಾರೆಂದು ನಾನು ಕಾದೆ. ಯಾರೂ ಏಳಲಿಲ್ಲ. ಆರು ಬೀಜ ಹೊರಬಂದವು. ಏಳನೆಯದನ್ನು ಆಕೆ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟಳು. "ಇದು ನಂದೂ ಹೌದು, ನಿಂದೂ ಹೌದು ತಮ್ಮಾ. ನೀನು ಇಟ್ಕ" ಎಂದಳು. ಹನ್ನೊಂದು ವರ್ಷ ಮಾಸ್ತರ್ರೇ ಎಂದು ಕರೆದವಳು ಅಂದು ತಮ್ಮಾ ಎಂದಳು.

ಮೂರನೆಯ ಪುಸ್ತಕವೇ ಎಂದು ತೀರ್ಮಾನವಾಯಿತು. ನಾನು ಅಂಬುಜಾಕ್ಷಿ ಟೀಚರ್ ಬಳಿ ಹೋಗಿ, ಪಾಠಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ಹತ್ತೊಂಬತ್ತನೆಯ ಪುಟದಲ್ಲಿ ನಾನು ನಿಂತುಬಿಡುತ್ತೇನೆ ಎಂದೆ. ಅವರು ಬೀಗದ ಕೈಗೊಂಚಲಿನಿಂದ ಒಂದು ಕೀಲಿ ಬಿಡಿಸುತ್ತಿದ್ದರು. ಅದನ್ನು ನನ್ನ ಕೈಗಿಟ್ಟು, "ಮೂಲೆ ಕೋಣೆ. ಸೋಮವಾರ ಹತ್ತು ಗಂಟೆಗೆ. ಆ ಬೀಜ ಮರೆಯದೆ ತನ್ನಿ" ಎಂದರು. ಅಂದು ಸಂಜೆಯೇ ಆ ನಿವೃತ್ತ ಮೇಷ್ಟ್ರಿಗೆ ಪತ್ರ ಬರೆದರು. ನಾವು ಏಳು ಕಡೆ ನಿಂತೆವು ಎಂದು ಪುಟಗಳ ಸಂಖ್ಯೆಯೊಡನೆ ತಿಳಿಸಿದರು. ಪತ್ರವನ್ನು ಊರಿನ ಪರವಾಗಿ ಎಂದು ಮುಗಿಸಿದ್ದು ನಾನು ಕಂಡ ಹಾಗೆ ಅದೊಂದೇ ಸಲ.

ಮೂಲೆ ಕೋಣೆಯಲ್ಲಿ ಐವರು ಮಕ್ಕಳು, ಒಂದು ಮೇಜು, ಮೇಜಿನ ಮೇಲೆ ಬೀಜ. ಮೊದಲ ದಿನವೇ ಅದು ಏನೆಂದು ಹೇಳಿದೆ. ಯಾರೂ ನಗಲಿಲ್ಲ. ನಮ್ಮೂರಿನ ಮಕ್ಕಳಿಗೆ ಒಬ್ಬರ ಮೌನದ ಮುಂದೆ ಕಾಯುವುದು ಹುಟ್ಟಿನಿಂದ ಬಂದ ವಿದ್ಯೆ. ಜೂನ್ ಪೂರ್ತಿ ನಾವು ಸದ್ದಿಲ್ಲದೆ ಕಳೆದೆವು. ಜುಲೈನಲ್ಲಿ ಖಾಜಾಬಿ ಚಕ್ರ ತಂದಳು, ಐದು ದನಿಗಳು ಒಟ್ಟಿಗೆ ಸ್ಪರ್ಶಕದ ಸಾಲನ್ನು ಕೂಗಿದವು. ಅಂಗಡಿ ಬೀದಿಯವರು ಹೊರಗೆ ಬಂದು ನಿಂತರಂತೆ. ಮಾಸ್ತರ ಕೋಣೆಯಿಂದ ಸದ್ದು ಬಂತು ಎಂದು ಚೌಡಪ್ಪ ಸಿಕ್ಕಸಿಕ್ಕವರಿಗೆ ಹೇಳಿದನಂತೆ. ಒಂದನ್ನು ಏಕೆ ಕಳೆಯಬೇಕು ಎಂಬುದನ್ನು ಆಗಸ್ಟಿನಲ್ಲಿ ನಾವು ಚೌಕದ ಬದಿ ಬೆಳೆಸಿ, ಅಂಚಿಗೆ ಸೇರಿದ ತೆಳು ಪಟ್ಟಿಗಳನ್ನು ಎಣಿಸಿ, ಅವಕ್ಕೆ ಉದ್ದವೊಂದೇ ಉಳಿಯುವುದನ್ನು ನೋಡಿ ಕಂಡುಕೊಂಡೆವು. ಹದಿನಾಲ್ಕು ಸಾಲು ಬೇಕಿರಲಿಲ್ಲ, ಮೂರೇ ಸಾಕಾಯಿತು. ಆ ಮೂರನ್ನು ನಾನು ಗಟ್ಟಿಯಾಗಿ ಹೇಳಿದೆ. ಹೇಳುತ್ತ ಕಿಟಕಿಯ ಕಡೆ ತಿರುಗಿ ನಿಂತೆ, ಕಣ್ಣು ಮಕ್ಕಳಿಗೆ ಕಾಣಬಾರದೆಂದು.

ಆದರೂ ಹತ್ತೊಂಬತ್ತನೆಯ ಪುಟ ಹಾಗೆಯೇ ಉಳಿದಿತ್ತು. ತಿಂಗಳಿಗೊಮ್ಮೆ ಮರಳಿ ಹೋಗುತ್ತಿದ್ದೆವು. ಆರು ಜನರ ತುಟಿ ಆಡುತ್ತಿತ್ತು, ಬೀಜ ಮೇಜಿನ ಮೇಲೆಯೇ ಇರುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಹಾಲಮ್ಮ ತಡವಾಗಿ ಬಂದಳು. ಗಿರಣಿಯಲ್ಲಿ ಒಬ್ಬ ಅಜ್ಜಿಯ ಜೊತೆ ಜಗಳವಂತೆ. ಅಜ್ಜಿಗೆ ಹಿಟ್ಟು ಎಷ್ಟು ನುಣ್ಣಗಾದರೂ ಸಾಲದು. ಇವಳು ಕಲ್ಲು ಬಿಗಿ ಮಾಡಿ ಬೀಸಿಕೊಟ್ಟರೆ, ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ, ಇನ್ನೂ ನುಣ್ಣಗೆ ಎನ್ನುವುದು. ಮತ್ತೆ ಬಿಗಿ, ಮತ್ತೆ ಇನ್ನೂ ನುಣ್ಣಗೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಹೇಳುತ್ತಿದ್ದವಳು ಮಾತಿನ ನಡುವೆ ನಿಂತಳು. ಬಾಯಿ ಕಟ್ಟಿತೇನೋ ಎಂದುಕೊಂಡೆ. ಕಟ್ಟಿರಲಿಲ್ಲ, ಅವಳು ಯೋಚಿಸುತ್ತಿದ್ದಳು.

"ಸಾರ್, ಅಜ್ಜಿ ಎಷ್ಟೇ ನುಣ್ಣಗೆ ಕೇಳ್ಲಿ, ಅದಕ್ಕೆ ತಕ್ಕ ಸಂದು ನನ್ನ ಕಲ್ಲಲ್ಲಿ ಇದ್ದೇ ಇರ್ತೈತೆ" ಎಂದಳು. "ಅಜ್ಜಿ ಮೊದ್ಲು ಕೇಳ್ಬೇಕು. ನಾನು ಆಮೇಲೆ ಸಂದು ಇಡ್ಬೇಕು. ಆ ಸಂದಿಗಿಂತ ದೊಡ್ಡದು ಮಾಡ್ದೇ ಇರೋವರ್ಗೂ ಅಜ್ಜಿ ಕೇಳಿದ್ದಕ್ಕಿಂತ ದಪ್ಪ ಒಂದು ಕಾಳೂ ಬೀಳಲ್ಲ. ಒಂದು ಸಲ ಅಲ್ಲ ಸಾರ್, ಎಷ್ಟು ಸಲ ಕೇಳಿದ್ರೂ."

ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ನೇರ ಮೇಜಿನ ಬಳಿ ಬಂದು ಪುಸ್ತಕ ತಿರುವಿ, ಹತ್ತೊಂಬತ್ತನೆಯ ಪುಟದ ಆ ವಾಕ್ಯವನ್ನು ಓದಿದಳು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ದನಿ ಇತ್ತು. ದೊಡ್ಡ ದನಿಯೇನಲ್ಲ, ಗಿರಣಿಯಲ್ಲಿ ಬೆಳೆದವರಿಗೆ ಇರುವ ಒರಟು ದನಿ. ಓದಿ ಮುಗಿಸಿ ನನ್ನ ಮುಂದೆ ಅಂಗೈ ಚಾಚಿದಳು. ಗೆರೆಗಳ ನಡುವೆಲ್ಲ ಹಿಟ್ಟು ಕೂತಿತ್ತು.

"ಬೀಜ ಕೊಡಿ ಸಾರ್" ಎಂದಳು.

ನಾನು ಬೀಜವನ್ನು ಎತ್ತಿಕೊಂಡೆ. ಕೊಡುವ ಮೊದಲು, ಪುಸ್ತಕ ನೋಡದೆ, ಸೇತುವೆಯ ಮೇಲೆ ಅರ್ಧಕ್ಕೆ ಬಿಟ್ಟ ಆ ವಾಕ್ಯವನ್ನು ಅಜ್ಜಿಯಿಂದ ಶುರು ಮಾಡಿ ಕಲ್ಲಿನ ಸಂದಿನವರೆಗೆ ಹೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಅಂಗೈ ಚಾಚಿಕೊಂಡೇ ಕಾದಳು. ಆಮೇಲೆ ಅವಳ ಅಂಗೈಯಲ್ಲಿ ಬೀಜ ಇಟ್ಟೆ.